ಹಲಸಿನ ಪ್ಲಿಮತ್

ಬಸವನಹಳ್ಳಿ ರಸ್ತೆಯ ನಮ್ಮ ಕೊಟ್ಟಿಗೆಗೆ
ಅದು ಬಂದದ್ದು ಎರಡು ಎತ್ತಿನ ಹಿಂದೆ.
ಎಂಜಿನ್ನು ಗಟ್ಟಿಯಿತ್ತು,
ಮೈಗೆ ಗೆದ್ದಲು ಹಿಡಿದಿತ್ತು.
ಕಾರಿಗೆ ಗೆದ್ದಲು!
ನೋಡಿ ನಗಲಿಕ್ಕೆ ಕೇರಿಯೆಲ್ಲ ಬಂತು.

ದಸ್ತಗೀರ್ ಸಾಬರು ಬಾನೆಟ್ಟು ತಟ್ಟಿ ಅಂದರು:
'ತಗಡಾಗಿದ್ದರೆ ನಾನಿದ್ದೆ.
ಇದು ಮರ, ಮೌನೇಶಣ್ಣ, ನಿಮ್ಮ ಪಾಲು.'

ನಲವತ್ತೊಂಬತ್ತರ ಸ್ಟೇಷನ್ ವ್ಯಾಗನ್.
ಮೂತಿ ಉಕ್ಕು, ಹಿಂದೆಲ್ಲ ಮರದ ಚೌಕಟ್ಟು.
ಮಂಗಳೂರಿನ ಧಕ್ಕೆಯಲ್ಲಿ ಇಳಿದು
ಘಾಟಿ ಹತ್ತಿತ್ತು ರೇಗೋ ದೊರೆಯ ತೋಟಕ್ಕೆ.
ಅವರ ದೇಶದಲ್ಲಿ ರೈಲು ಇಳಿದವರನ್ನು
ಗಂಟುಮೂಟೆ ಸಮೇತ ಮನೆ ಮುಟ್ಟಿಸುತ್ತಿದ್ದ ಗಾಡಿ,
ಅದಕ್ಕೇ ಆ ಹೆಸರು, ಎಂದ ಡ್ರೈವರ್ ಚೆನ್ನವೀರ.
ನಮ್ಮೂರಿಗೆ ಆಗ ಸ್ಟೇಷನ್ನೇ ಇರಲಿಲ್ಲ.
ರೈಲು ನೋಡಬೇಕೆಂದರೆ ಕಡೂರಿಗೆ ಹೋಗಬೇಕು.

ಅಪ್ಪ ಉಗುರಲ್ಲಿ ಕೆರೆದ, ಮೂಸಿದ,
ಚೂರೊಂದನ್ನು ಹಲ್ಲಲ್ಲಿ ಕಚ್ಚಿ ಉಗಿದ.
'ಚಳಿ ಉಂಡು ಬೆಳೆದ ಮರ.
ಆರಿದ್ರೆ ಮಳೆಯ ಸುದ್ದಿ ಇದಕ್ಕೆ ಯಾರೂ ಹೇಳಿಲ್ಲ.'

ಅಂಬಳೆಯ ಕಡೆಯಿಂದ ಹಲಸು ತಂದ.
ಒಂದು ಬೇಸಗೆ ಪೂರ್ತಿ ಒಣಗಿಸಿದ.
ಬಾಗಿಸಲು ಹಬೆ ಬೇಕಲ್ಲ,
ಬಚ್ಚಲ ಹಂಡೆ ಕೊಟ್ಟಿಗೆಗೆ ಹೋಯಿತು,
ಎರಡು ತಿಂಗಳು ತಣ್ಣೀರ ಸ್ನಾನ.
ಅವ್ವ ಅಮೆರಿಕವನ್ನೂ ಅಪ್ಪನನ್ನೂ
ಒಂದೇ ಉಸಿರಿನಲ್ಲಿ ಬೈದಳು.

ಕೊನೆಯ ಸೀಟನ್ನು ಮಾತ್ರ ತಿರುಗಿಸಿ ಕೂರಿಸಿದ,
ಹಿಂದಕ್ಕೆ ಮುಖಮಾಡಿ.
ಯಾಕೆಂದರೆ, 'ಅದು ಮಕ್ಕಳ ಜಾಗ.
ಮುಂದಿನದನ್ನು ನೋಡಲಿಕ್ಕೆ ದೊಡ್ಡವರಿದ್ದಾರೆ.'

ಕೈಮರದವರೆಗೆ ಮೊದಲ ಓಟ.
ಒಂಬತ್ತು ವರ್ಷದ ನಾನು ಆ ಸೀಟಿನಲ್ಲಿ.
ಎಲ್ಲವೂ ದಾಟಿದ ಮೇಲೇ ಕಂಡವು:
ಸೈಕಲ್ಲು ಇಳಿದು ನಿಂತ ಪೋಸ್ಟ್‌ಮನ್,
ಕೊಡೆಯ ಕೆಳಗಿನ ಟೀಚರು,
ಧೂಳಿನಲ್ಲಿ ಓಡಿ ಓಡಿ
ಸಾಕಾಗಿ ಕುಳಿತ ನಮ್ಮ ನಾಯಿ.
ತಿರುವು ಬಂದದ್ದು ಹೊಟ್ಟೆಗೆ ಮೊದಲು ಗೊತ್ತಾಗುತ್ತಿತ್ತು,
ಕಣ್ಣಿಗೆ ಆಮೇಲೆ.
ವಾಂತಿ ಮಾಡಿದೆ, ಹೊಚ್ಚಹೊಸ ರೆಕ್ಸಿನ್ ಮೇಲೆ.
ಆ ರೆಕ್ಸಿನ್ನನ್ನು ದೊಡ್ಡವಳಾದ ಮೇಲೆ
ನಾನೇ ನಾಲ್ಕು ಸಲ ಬದಲಿಸಿ ಹೊಲಿದೆ.

ದೊರೆ ತೀರಿಕೊಂಡರು. ಗಾಡಿ ಕೈಯಿಂದ ಕೈಗೆ ಹೋಯಿತು.
ದಿಬ್ಬಣ, ಬಾಳೆಗೊನೆ, ಒಂದು ಚುನಾವಣೆ,
ಆಲ್ದೂರಿನ ದಾರಿಯಲ್ಲಿ ಎರಡು ಹೆರಿಗೆ.
ಪೆಟ್ರೋಲು ತುಟ್ಟಿಯಾದಾಗ
ಆರು ಸಿಲಿಂಡರಿನ ಎದೆ ಕಿತ್ತು
ಮೆಟಡಾರಿನ ಎದೆ ಕೂರಿಸಿದ ದಸ್ತಗೀರರ ಮಗ.
ದೊಡ್ಡಾಸ್ಪತ್ರೆಯಿಂದ ಹೆಣ ತರಲಿಕ್ಕೂ ಅದೇ,
ಕಾಲು ಮಡಿಸಬೇಕಿರಲಿಲ್ಲ.
ಅಪ್ಪನನ್ನೂ ಅದರಲ್ಲೇ ತಂದೆವು.
ದಾರಿಯುದ್ದಕ್ಕೂ ಕಿವಿಗೊಟ್ಟಿದ್ದೆ,
ಒಂದು ಕಚ್ಚೂ ಕಿರುಗುಟ್ಟಲಿಲ್ಲ.

ಹೋದ ವರ್ಷ ಒಬ್ಬರು ಬಂದರು.
ಹಳೆಯ ಕಾರುಗಳನ್ನು ಕೊಂಡು
ಓಡಿಸದೆ ಸಾಲಾಗಿ ನಿಲ್ಲಿಸುವವರು.
ಹಲಸಿನ ಮೈ ಸವರಿ,
'ಇದು ಒರಿಜಿನಲ್ ಅಲ್ಲ' ಅಂದರು.
ಅಲ್ಲಿಂದಲೇ ಹಡಗಿನಲ್ಲಿ ಮೇಪಲ್ ತರಿಸುತ್ತಾರಂತೆ.
ಕಿತ್ತ ಮರ ಸೌದೆಗಾದೀತು,
ಬೇಕಾದರೆ ಇಟ್ಟುಕೊಳ್ಳಿ, ಅಮ್ಮ.

ಬೇಕು ಅಂದೆ.
ಹಿಂಬಾಗಿಲು ಈಗ ನನ್ನ ಹೊಲಿಗೆ ಮಿಷನ್ನಿನ ಕೆಳಗಿದೆ,
ಅರವತ್ತು ವರ್ಷಕ್ಕೆ ಜೇನಿನ ಬಣ್ಣಕ್ಕೆ ತಿರುಗಿ.

ಆ ಮೈ ಬಿಚ್ಚಲು ಅವರ ಹುಡುಗರಿಗೆ
ಮೂರು ದಿನ ಹಿಡಿಯಿತು.
ಟಾರ್ಚು ಬಿಟ್ಟು, ಅಡಿಗೆ ತೂರಿ,
ಒಂದೇ ಒಂದು ಮೊಳೆಗಾಗಿ ಹುಡುಕಿದರು,
ಅಪ್ಪ ಎಲ್ಲಿಂದ ಶುರುಮಾಡಿದ್ದನೆಂದು
ನನ್ನನ್ನು ಕೇಳಿದರು.

ಹೇಳಲಿಲ್ಲ.
ಚಹಾ ಮಾತ್ರ ಮಾಡಿಕೊಟ್ಟೆ.