ದುಭಾಷಿ

ಆಗಸ್ಟಿನಲ್ಲಿ ಗ್ರೀನ್‌ಲ್ಯಾಂಡಿನ ಈ ಮೂಡಣ ದಡಕ್ಕೆ
ಕಡಲು ಬಾಗಿಲು ತೆಗೆಯುತ್ತದೆ.
ಆರು ವಾರ, ಹೆಚ್ಚೆಂದರೆ ಏಳು.
ಮೊದಲು ಸಾಮಾನಿನ ಹಡಗು: ಹಿಟ್ಟು, ಡೀಸೆಲ್,
ಯಾರದೋ ಮದುವೆಗೆ ತರಿಸಿದ ಒಂದು ಸೋಫಾ.
ಆಮೇಲೆ ಇವರು,
ಒಬ್ಬರಂತೆ ಇನ್ನೊಬ್ಬರು ಕೆಂಪು ಜಾಕೀಟು ತೊಟ್ಟು.
ನಮ್ಮೂರ ಒಟ್ಟು ಜನಕ್ಕಿಂತ
ಇವರ ಊಟದ ಕೋಣೆಯ ಕುರ್ಚಿಗಳೇ ಹೆಚ್ಚು.

ಒಳಗಿನ ಫ್ಯೋರ್ಡಿಗೆ ದಾರಿ ತೋರಲು
ನನ್ನ ಸೋದರಮಾವ ಹೋಸಿಯಾಸ್ ಬೇಕು,
ಕರಡಿ ಬಂದರೆ ಅವನ ಬಂದೂಕೂ ಬೇಕು.
ಅವನ ಮಾತು ದಾಟಿಸಲು ನಾನು.
ಮೂರು ದಿನ. ಹಣ ಲಕೋಟೆಯಲ್ಲಿ.

ಇಳಿಯುವ ಮುನ್ನ ಬೂಟು ತೊಳೆಸುತ್ತಾರೆ
ಗುಲಾಬಿ ಬಣ್ಣದ ಔಷಧಿನೀರಿನಲ್ಲಿ,
ಹೊರಗಿನ ಬೀಜ, ಹೊರಗಿನ ರೋಗ ಈ ನೆಲ ಮುಟ್ಟಬಾರದಂತೆ.
ಮಾವ ತನ್ನ ಬೂಟಿನಡಿ ನೋಡಿಕೊಂಡು ಕೇಳಿದ:
"ಈ ನೆಲದ ಮಣ್ಣು ತೊಳೆದುಕೊಂಡು ಈ ನೆಲಕ್ಕೆ ಇಳಿಯಬೇಕೇ?"
ನಾನು ದಾಟಿಸಿದೆ: "ನೀರು ಬೆಚ್ಚಗಿದೆ ಅಂತಾನೆ."

ನನ್ನ ಕಸುಬು ಹೀಗೆ ಶುರುವಾಯಿತು.

ಧ್ವನಿವರ್ಧಕ ಹೇಳಿತು:
ಇನ್ನು ಮುಂದೆ ಮನುಷ್ಯರ ಸುಳಿವಿಲ್ಲದ ನೀರು.
ಮಾವ ಕಿಟಕಿಯಾಚೆ ಬೆರಳು ಚಾಚುತ್ತಲೇ ಇದ್ದ.
ಅಗೋ ಅಲ್ಲಿ ಚಿಕ್ಕಮ್ಮ ಹೆತ್ತದ್ದು,
ಆ ಕಲ್ಲಿನ ಮೇಲೆ ನಾರ್ವಾಲ್ ಎಳೆದು ಸೀಳುತ್ತಿದ್ದದ್ದು,
ಅಲ್ಲಿ ಎನೋಕನ ದೋಣಿ ಮಗುಚಿ
ಬೇಸಿಗೆ ಮುಗಿದ ಮೇಲೆ ಒಂದೇ ಒಂದು ಕೈಗವುಸು ಸಿಕ್ಕಿದ್ದು.
ಏನಂತಾನೆ? ಎಂದರು.
"ಬಲ್ಲ ಜಾಗ ಅಂತಾನೆ."

ನೀಲಿ ಮಂಜಿನ ಕಮಾನಿನೆದುರು ಇಂಜಿನ್ ನಿಂತಿತು.
ಎಲ್ಲರೂ ಸುಮ್ಮನಾದರು.
ಅದು ನಿಜವಾದ ಮೌನ, ಅದರ ಬಗ್ಗೆ ಸುಳ್ಳು ಹೇಳಲಾರೆ.
ಗಡ್ಡೆಯೊಳಗೆ ಸಿಕ್ಕಿಬಿದ್ದಿದ್ದ ಗಾಳಿ
ನೀರಿಗೆ ಬಿಡುಗಡೆಯಾಗುತ್ತ
ಬಾಣಲೆಯಲ್ಲಿ ಸೀಲ್ ಕೊಬ್ಬಿನ ಹಾಗೆ ಚಿಟಿಚಿಟಿ ಎಂದಿತು.
ಒಬ್ಬ ಗಂಡಸು ಅತ್ತ.
ಸಂಜೆ ಅದೇ ಗಡ್ಡೆಯ ಚೂರನ್ನು ಗ್ಲಾಸಿಗೆ ಹಾಕಿ ಕುಡಿದ.
ಅತ್ತದ್ದೂ ಅವನೇ, ಕುಡಿದದ್ದೂ ಅವನೇ.

ಎರಡನೆಯ ರಾತ್ರಿ ಮಾವನಿಗೆ ಮೈಕು ಕೊಟ್ಟರು.
ಚಳಿಗಾಲದ ಬಗ್ಗೆ ಏನಾದರೂ, ಎಂದರು.
ಮೇಜಿನ ಕರವಸ್ತ್ರ ಮಡಿಸುತ್ತ, ಬಿಚ್ಚುತ್ತ
ಅವನು ಬಹಳ ಹೊತ್ತು ಮಾತಾಡಿದ.
ನನಗಾಗ ಒಂಬತ್ತು. ಸೀಲ್ ಬರಲಿಲ್ಲ.
ಅಪ್ಪ ನಾಯಿಗಳನ್ನು ಒಂದೊಂದಾಗಿ
ಮನೆಯ ಹಿಂದಕ್ಕೆ ಕರೆದ.
ಬಾಲ ಆಡಿಸುತ್ತಲೇ ಹೋದವು.
ಏಳು. ಏಳರ ಹೆಸರನ್ನೂ ಹೇಳಿದ.
ತಿಂದೆವು. ಅದಕ್ಕೇ ಇಲ್ಲಿ ನಿಂತಿದ್ದೇನೆ.

ದೀಪ ಬೆಚ್ಚಗಿತ್ತು. ಸಾಲ್ಮನ್ ಬಡಿಸುವ ಹೊತ್ತು.
ನಾನು ಹೇಳಿದೆ:
"ಆಗೆಲ್ಲ ಚಳಿಗಾಲ ಉದ್ದವಿತ್ತಂತೆ."
ಚಪ್ಪಾಳೆ.

ಡೆಕ್ಕಿನಲ್ಲಿ ಒಬ್ಬ ಮುದುಕಿ ನನ್ನ ತೋಳು ಹಿಡಿದಳು.
ಹೆಡ್ವಿಗ್ ಅಂತ. ಮೂವತ್ತೆಂಟು ವರ್ಷ
ಯಾವುದೋ ರೈಲು ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿದವಳು.
"ನಡುವೆ ಏಳು ಹೆಸರು ಹೇಳಿದ ಅವನು.
ಭಾಷೆ ಬಾರದು ನನಗೆ, ಹೆಸರಿನ ಸದ್ದು ಗೊತ್ತು.
ಯಾರವು?"

ಹೇಳಿಬಿಟ್ಟೆ.
ಅವಳು ಅಯ್ಯೋ ಎನ್ನಲಿಲ್ಲ. ಪುಸ್ತಕ ತೆಗೆದಳು.
ಮಾವ ನಿಧಾನ ಹೇಳಿದ, ಅವಳು ಬರೆದಳು,
ನಿಲ್ದಾಣದ ದನಿಯಲ್ಲಿ ಓದಿದಳು,
ಅವನು ಒಂದು ಉಚ್ಚಾರ ತಿದ್ದಿದ, ಮತ್ತೆ ಓದಿದಳು.
ಅಷ್ಟೂ ಹೊತ್ತು ನಾನು ಕಂಬಿ ಹಿಡಿದು ನಿಂತಿದ್ದೆ,
ನನ್ನ ಅಗತ್ಯ ಬೀಳಲಿಲ್ಲ.

ಮೂರನೆಯ ದಿನ ರಬ್ಬರು ದೋಣಿ
ನಮ್ಮನ್ನು ಊರ ದಡಕ್ಕೆ ಬಿಟ್ಟು ಹೋಯಿತು.
ಸರಪಳಿಯ ನಾಯಿಗಳು ಒಟ್ಟಿಗೆ ಊಳಿಟ್ಟವು.
ಲಕೋಟೆ ಬಿಚ್ಚದೆ ಮಾವ ತಟ್ಟನೆ ತಿರುಗಿದ.
"ಪಿಪಾಲುಕ್, ಆರನೆಯದು ತಪ್ಪು ಹೇಳಿದೆ.
ತುಲುಗಾಕ್ ಪಕ್ಕದ ಮನೆಯದು. ಅದನ್ನು ಕೊಲ್ಲಲಿಲ್ಲ.
ನಮ್ಮದರ ಹೆಸರು... ತಾಳು,
ನಾಲಗೆಯ ಮೇಲೇ ಇದೆ."

ಹಡಗು ಅಷ್ಟರಲ್ಲಿ ಹೆಬ್ಬೆರಳಷ್ಟಾಗಿತ್ತು.
ಎದುರುಗಾಳಿ.
ಆದರೂ ನೀರಿನಂಚಿಗೆ ಓಡಿ
ಅವನೆಂದದ್ದನ್ನು ಅವನೆಂದ ಹಾಗೇ ಕೂಗಿದೆ:
ತುಲುಗಾಕ್ ಬದುಕಿತ್ತು,
ತುಲುಗಾಕ್ ಬದುಕಿತ್ತು,
ಇನ್ನೊಂದರ ಹೆಸರು ತಾಳಿ, ಬರುತ್ತದೆ.