ಮರಳು

ಲಿಯೆಪಾಯಾದಲ್ಲಿ ಟ್ರಾಮಿಗೆ ಇರುವುದು ಒಂದೇ ದಾರಿ.
ಹದಿನೇಳು ವರ್ಷದಿಂದ ಅದರ ತುದಿ ಮುಟ್ಟಿ ಮರಳುತ್ತೇನೆ.
ಯಾರು ಎಲ್ಲಿ ಇಳಿಯುತ್ತಾರೆಂದು
ತಿರುಗಿ ನೋಡದೆ ನನ್ನ ಬೆನ್ನಿಗೆ ಗೊತ್ತು.
ರೈವಿಸ್ ಎಲ್ಲಿ ಇಳಿಯುತ್ತಾನೋ ಗೊತ್ತಿಲ್ಲ.

ಬಂದಾಗ ಅವನಿಗೆ ಆರು. ಒಂದು ಪ್ಲಾಸ್ಟಿಕ್ ಚೀಲ,
ಅದರಲ್ಲಿ ಎರಡೂ ಎಡಗಾಲಿನವೇ ಆದ ಚಪ್ಪಲಿ.
ಕಡತದಲ್ಲಿ ನಾಲ್ಕು ಮನೆಗಳ ಹೆಸರು,
ನಾಲ್ಕಕ್ಕೂ ಅಡ್ಡಗೆರೆ.
ಐದನೆಯದು ನನ್ನದು,
ಪೆನ್ಸಿಲಿನಲ್ಲಿ ಬರೆದಿದ್ದರು.

ಮೊದಲ ವಾರ ಜೇನು.
ಹೇಳದೆ ತಟ್ಟೆ ತೊಳೆದ, ಕೇಳದೆ ಅಮ್ಮಾ ಅಂದ.
ಆಗಲೇ ಹೊಳೆಯಬೇಕಿತ್ತು ನನಗೆ:
ಅವನಿಗೆ ಆ ಮಾತು ಟಿಕೆಟ್ಟು,
ಹತ್ತುವಾಗ ತೋರಿಸಿ ಎಸೆಯುವಂಥದ್ದು.

ಆಮೇಲೆ
ಹಾಸಿಗೆಯಡಿ ಬೂಸ್ಟು ಹಿಡಿದ ಕಪ್ಪು ಬ್ರೆಡ್ಡು,
ಕತ್ತರಿಸಿ ಬಿದ್ದ ಬೆಕ್ಕಿನ ಮೀಸೆ,
ಗೋಡೆಗೆ ಬಳಿದದ್ದು ಏನೆಂದು ಹೇಳಲಾರೆ.
ಮುಂಗೈಯಲ್ಲಿ ಅವನ ಹಲ್ಲಿನ ಅರ್ಧಚಂದ್ರ,
ಜುಲೈನಲ್ಲೂ ನನಗೆ ಉದ್ದ ತೋಳಿನ ಅಂಗಿ.
ಚಾಕುಗಳೆಲ್ಲ ಪಕ್ಕದ ಮನೆಯ ಮಿರ್ದ್ಜಾಳ ವಶ;
ಒಂದು ಕ್ಯಾರೆಟ್ ಹೆಚ್ಚಲೂ ಅವಳ ಬಾಗಿಲು ತಟ್ಟಬೇಕು.

ಕಚ್ಚುವುದು ಅರ್ಥವಾಗುತ್ತದೆ. ಒದೆಯುವುದೂ.
ಅರ್ಥವಾಗದ್ದು ಮಾರುಕಟ್ಟೆಯ ಆ ಶನಿವಾರ.
ಹೊಗೆ ಹಾಕಿದ ಮೀನು ಕಟ್ಟಿಸಿಕೊಳ್ಳುತ್ತಿದ್ದ
ಗುರುತಿಲ್ಲದ ಹೆಂಗಸಿನ ಬೆರಳು ಹಿಡಿದು
ಎಷ್ಟು ಮುದ್ದಾಗಿ ಕೇಳಿದ:
"ನಿನ್ನ ಮನೆಗೆ ಕರಕೊಂಡು ಹೋಗ್ತೀಯಾ ನನ್ನ?"
ಆಕೆ ನನ್ನತ್ತ ನೋಡಿದಳು,
ಇಂಥ ಮಗುವಿಗೆ ನೀನೇನು ಮಾಡಿದೆ ಎಂಬಂತೆ.
ನಾನು ಚಿಲ್ಲರೆ ಎಣಿಸಿದೆ. ಮತ್ತೆ ಎಣಿಸಿದೆ.

ಆ ರಾತ್ರಿ ಕಚೇರಿಗೆ ಪತ್ರ ಬರೆದೆ.
ನನ್ನಿಂದಾಗದು ಅನ್ನುವುದಕ್ಕೆ
ಎಷ್ಟೊಂದು ಮರ್ಯಾದಸ್ಥ ಪದಗಳಿವೆ!
ಲಕೋಟೆ ಫ್ರಿಜ್ಜಿನ ಮೇಲಿದೆ, ಅಂಚೆಚೀಟಿ ಹಚ್ಚಿಕೊಂಡು.
ಅವನಿಗಿನ್ನೂ ಓದಲು ಬರುವುದಿಲ್ಲ,
ಹಾಗಂದುಕೊಂಡಿದ್ದೇನೆ.

ಅಕ್ಟೋಬರಿನಲ್ಲಿ ಲಿಂಡನ್ ಎಲೆ ಹಳಿಗೆ ಬಿದ್ದು
ಅರೆದು ಅರೆದು ಸಾಬೂನಾಗುತ್ತದೆ.
ಭಾನುವಾರ. ಮಿರ್ದ್ಜಾಗೆ ಜ್ವರ.
ನನ್ನ ಹಿಂದಿನ ಸೀಟಿನಲ್ಲೇ ಅವನನ್ನು ಕೂರಿಸಿಕೊಂಡೆ.
ತಿರುವಿನಲ್ಲಿ ಬಂಡಿ ಜಾರಿತು, ಗುಂಡಿ ಒತ್ತಿದೆ,
ಚಕ್ರ ಕಿರ್ರೆಂದು ಹಳಿ ಕಚ್ಚಿತು.
"ಏನದು?"
ಮೂರು ದಿನದಲ್ಲಿ ಅವನ ಮೊದಲ ಮಾತು.
ಮರಳು, ಅಂದೆ. ಡಬ್ಬಿಯಲ್ಲಿರುತ್ತೆ, ಜಾರಿದಾಗ ಸುರಿಯಬೇಕು.
"ಬ್ರೇಕ್ ಇಲ್ವಾ?"
ಇದೆ. ಜೋರಾಗಿ ಹಾಕಿದರೆ ಇನ್ನೂ ಜಾರುತ್ತೆ.
ಅವನು ಕಿಟಕಿಗೆ ತಿರುಗಿ
ಗಾಜಿನ ಮೇಲೆ ಉಗುಳಿದ.

ಮರುದಿನ ಬೆಳಗಿನ ನಾಲ್ಕೂವರೆ, ಗವ್ವೆನ್ನುವ ಕತ್ತಲು,
ಕಾಲು ತೂರಿಸಿದರೆ ಬೂಟಿನ ತುಂಬ ಮರಳು.
ಎರಡರಲ್ಲೂ. ಒದ್ದೆ. ಸಮುದ್ರದ್ದು.
ಒಂದು ಚಿಪ್ಪಿನ ಚೂರೂ ಇತ್ತು.
ಯಾವಾಗ ಹೋದ, ಬೀಗ ಹೇಗೆ ತೆಗೆದ,
ಬಾಗಿಲಿಗೆ ಅಡ್ಡ ಮಲಗಿದ ನನ್ನನ್ನು ಹೇಗೆ ದಾಟಿದ?
ಕೇಡಿಗೋ ಇದು? ಅಥವಾ
ಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಕಣ್ಣು.
ಬೈಯಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ,
ಅಪ್ಪಿದರೆ ಕಚ್ಚುತ್ತಾನೆ.
ಬಲಗಾಲಿನದ್ದು ಸುರಿದೆ.
ಎಡಗಾಲಿನದರಲ್ಲಿ ಒಂದಿಷ್ಟು ಬಿಟ್ಟು
ಅವನಿಗೆ ಕಾಣುವಂತೆ ಲೇಸು ಬಿಗಿದೆ.

ಇಡೀ ದಿನ ಹಿಮ್ಮಡಿಯಡಿ ಕರಕರ.

ಸಂಜೆ ಫ್ರಿಜ್ಜಿನ ಮೇಲೆ ಲಕೋಟೆ ಇದ್ದಲ್ಲೇ ಇತ್ತು,
ಅಂಚೆಚೀಟಿ ಮಾತ್ರ ಯಾರೋ ಕಿತ್ತಿದ್ದರು.
ಊಟದ ನಡುವೆ ಅವನ ಕೈ
ಒಂದು ತುಂಡು ಬ್ರೆಡ್ಡನ್ನು ಮೇಜಿನಡಿಗೆ ಇಳಿಸಿತು.
ನಾನು ಸೂಪಿಗೆ ಉಪ್ಪು ಹಾಕಿಕೊಳ್ಳುತ್ತಿದ್ದೆ,
ಆಗಲೇ ಉಪ್ಪಾಗಿದ್ದ ಸೂಪಿಗೆ.