ಒತ್ತಿದರೆ ಮುಚ್ಚಬೇಕು

ದೇರಳಕಟ್ಟೆಯ ಈ ಕತ್ತಲೆ ಕೋಣೆಯಲ್ಲಿ
ನನ್ನ ಕೆಲಸ ಒತ್ತುವುದು.
ತೊಡೆಯ ಸಂದಿನಿಂದ ಮೊಣಕಾಲ ಹಿಂದಿನ ತನಕ
ತಣ್ಣನೆಯ ಜೆಲ್ ಹಚ್ಚಿ
ಬೆರಳಗಲ ಬೆರಳಗಲಕ್ಕೆ ಒತ್ತುತ್ತ ಹೋಗುವುದು.

ಪರದೆಯ ಮೇಲೆ ಎರಡು ಕಪ್ಪು ಬೊಟ್ಟು, ಅಕ್ಕಪಕ್ಕ.
ಒಂದು ಹಠಮಾರಿ, ಮಿಡಿಯುತ್ತಲೇ ಇರುತ್ತದೆ; ಅದು ಅಪಧಮನಿ.
ಇನ್ನೊಂದು ಒತ್ತಿದ ಕೂಡಲೆ ಕಣ್ಣು ಮುಚ್ಚುತ್ತದೆ,
ಬಿಟ್ಟರೆ ತೆರೆಯುತ್ತದೆ.
ಅಷ್ಟೇ ಪರೀಕ್ಷೆ.
ಮಣಿಯುವುದಕ್ಕೆ ರೋಗವಿಲ್ಲ.

ಅವ್ವಮ್ಮನ ಎಡಗಾಲು
ಬೇರೆ ಯಾರದ್ದೋ ಎಂಬಂತೆ ಊದಿತ್ತು.
ಮೀನಖಂಡ ಬಿಸಿ, ಬಿಗಿ, ಬೆರಳೊತ್ತಿದರೆ ಗುಳಿ.
"ಉಳುಕಿದ್ದು ಬಾಯಮ್ಮ, ಆರು ದಿನ ಎಣ್ಣೆ ತಿಕ್ಕಿಸಿದೆ."
ನನ್ನ ಎದೆ ಝಲ್ಲೆಂದಿತು.
ತಿಕ್ಕಿದ್ದು ಕಿತ್ತು ಮೇಲೇರಿದ್ದರೆ
ಶ್ವಾಸಕೋಶ ಎಷ್ಟು ದೂರ?

ಕಾಲು ಮಡಚಿ, ತೊಡೆಯ ಮೇಲೆ ತಡ್ಪೆ ಇಟ್ಟು
ಇಪ್ಪತ್ತೆಂಟು ವರ್ಷ, ದಿನಕ್ಕೆ ಸಾವಿರ ಬೀಡಿ.
ಎಲೆ ಸುರುಟು, ತುದಿ ಮಡಚು, ನೂಲು ಸುತ್ತು.
ಕೈ ಓಡುತ್ತದೆ, ಕಾಲು ಕೂತೇ ಇರುತ್ತದೆ.
ಏಳಬೇಕಾದೀತೆಂದು ನೀರು ಸಹ ಕುಡಿಯುವುದಿಲ್ಲ.

ಮೊಣಕಾಲ ಹಿಂದೆ ಬಂದು ಒತ್ತಿದೆ.
ಮುಚ್ಚಲಿಲ್ಲ.
ಮತ್ತೊಮ್ಮೆ.
ಬೂದುಬಣ್ಣದ್ದೇನೋ ಒಳಗೆ ಜಡಿದು ಕೂತು
ತೆರೆದ ಕಣ್ಣಿನಿಂದ ನನ್ನನ್ನೇ ನೋಡಿತು.

"ಎಂತ ಉಂಟು?"
ಹೇಳುವುದು ಡಾಕ್ಟರ ಕೆಲಸ.
ಜೆಲ್ ಒರೆಸಿ, ನಡೆಯಬೇಡಿ,
ಗಾಲಿಕುರ್ಚಿ ತರಿಸುತ್ತೇನೆ ಎಂದೆ.
ಅಷ್ಟಕ್ಕೇ ಅವಳಿಗೆ ತಿಳಿಯಿತು.

ಹೊಟ್ಟೆಗೆ ಸೂಜಿ, ಆಮೇಲೆ ಮಾತ್ರೆ.
ಗುಣವಾದ ಮೇಲೂ ಒಂದೇ ಸಮ ಕೂರಬಾರದು,
ಅರ್ಧ ಗಂಟೆಗೊಮ್ಮೆ ಏಳಬೇಕು, ಅಂದರು ಡಾಕ್ಟರು.
ಅವ್ವಮ್ಮ ಬೆರಳೆಣಿಸಿದಳು:
"ಅಂದರೆ ಎರಡು ಕಟ್ಟು."

ಮೂರು ತಿಂಗಳ ಮೇಲೆ ಅದೇ ಮಂಚ, ಅದೇ ಕಾಲು.
"ನೂಲಿನ ಉಂಡೆ ಈಗ ಬಾವಿಕಟ್ಟೆಯ ಮೇಲೆ ಬಾಯಮ್ಮ.
ಎರಡು ಕಟ್ಟಿಗಾಗುವಷ್ಟೇ ಕತ್ತರಿಸಿ ತರುವುದು.
ಮುಗಿದರೆ ಏಳದೆ ಗತಿ ಇಲ್ಲ.
ಎದ್ದ ಮೇಲೆ ಒಂದು ಲೋಟ ನೀರು.
ಬ್ರಾಂಚಿಗೆ ಸಾವಿರ ಮುಟ್ಟಿಸಲಿಕ್ಕೆ ಆಗುವುದಿಲ್ಲ, ಎಂಟುನೂರು."

ಆ ಇನ್ನೂರು ಯಾವ ಪರದೆಯಲ್ಲೂ ಕಾಣುವುದಿಲ್ಲ.

ಒತ್ತಿದೆ.
ಪೂರ್ತಿ ಅಲ್ಲ, ನಿದ್ದೆ ಹತ್ತಿದ ಮಗುವಿನ ಹಾಗೆ
ಅರೆ ಮುಚ್ಚಿತು.

ಹೊರಗೆ ಮುಂದಿನ ಹೆಸರು ಕೂಗಿದರು.
ಬೆಳಗಿನಿಂದ ಕೂತ ಸ್ಟೂಲಿನಿಂದ ಎದ್ದು ನಿಂತೆ,
ಸುಮ್ಮನೆ,
ಹಿಮ್ಮಡಿ ಎತ್ತಿ, ಇಳಿಸಿ, ಎತ್ತಿ.